ಹಾಲು ಕುಡಿಯೋ ಕರುವಿಗೆ ನೀರ್ಯಾಕೆ?

2024ರ ಮಾರ್ಚ್ ಕೊನೆಯ ವಾರ. ಚಿಂತಾಮಣಿ ಕಡೆಯ ನಮ್ಮ ಚಿಕ್ಕಮ್ಮನ ಮನೆ ಮುಂದೆ ಟ್ಯಾಂಕರ್ ಬಂದು ನಿಂತಿತ್ತು. ಡ್ರಮ್ಮು, ಬಿಂದಿಗೆ, ಬಕೆಟ್ಟು, ಕೊನೆಗೆ ಹಳೇ ಪೇಂಟಿನ ಡಬ್ಬಗಳೂ ತುಂಬಿದ ಮೇಲೆ ಹಂಚಿಕೆ ಶುರುವಾಯಿತು. ಮೊದಲು ಹಾಲು ಕರೆಯುವ ಎರಡು ಹಸುಗಳಿಗೆ, ಆಮೇಲೆ ಅಡುಗೆಮನೆಗೆ, ಆಮೇಲೆ ಗಬ್ಬದ ಹಸುವಿಗೆ. ಕೊಟ್ಟಿಗೆಯ ಮೂಲೆಯಲ್ಲಿ ಹದಿನೈದು ದಿನದ ಹೆಣ್ಣುಗರುವೊಂದು ತನ್ನನ್ನು ಕಟ್ಟಿದ್ದ ಹಗ್ಗವನ್ನೇ ಚೀಪುತ್ತ ನಿಂತಿತ್ತು. ಅದರ ಪಾಲು ಎಲ್ಲಿ ಅಂತ ಕೇಳಿದೆ. ಚಿಕ್ಕಮ್ಮ ನನ್ನನ್ನು ಪಟ್ಟಣದವನನ್ನು ನೋಡುವ ಹಾಗೆ ನೋಡಿದಳು. "ಹಾಲು ಕುಡಿಯೋ ಕರುಗೆ ನೀರ್ಯಾಕಪ್ಪಾ? ಹಾಲಲ್ಲಿ ನೀರಿಲ್ವಾ?"

ಹಾಲಲ್ಲಿ ನೀರಿದೆಯಾ ಎನ್ನುವ ಪ್ರಶ್ನೆಯನ್ನು ಬೆಂಗಳೂರಿನವರು ಬೇರೆ ಅರ್ಥದಲ್ಲಿ ಕೇಳುತ್ತಾರೆ. ಚಿಕ್ಕಮ್ಮ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆಯೇ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಹಾಗಿದ್ದರೂ ಅದು ಕರುವಿಗೆ ಯಾಕೆ ಸಾಲದು? ಬರದ ವರ್ಷ ಎಳೆಗರುವನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಅರ್ಧದಷ್ಟು ಈ ಉತ್ತರದೊಳಗೇ ಇದೆ. ಇನ್ನರ್ಧ ಕರು ಹುಟ್ಟುವ ಮೊದಲೇ ನಡೆದುಹೋಗಿರುತ್ತದೆ.

ನಾನು ಹೇಳುತ್ತಿರುವುದು ಕೋಲಾರ, ಚಿಕ್ಕಬಳ್ಳಾಪುರದ ಮಾತು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ, ಆದರೂ ಹಾಲು ಮತ್ತು ರೇಷ್ಮೆ ನಂಬಿಕೊಂಡು ಬದುಕಿದ ಸೀಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷ ಮನೆಯಲ್ಲಿ ಮೇವು, ನೀರು, ನೆರಳು ಎಲ್ಲಕ್ಕೂ ಸಾಲು ನಿಲ್ಲುತ್ತದೆ. ಸಂಜೆ ದುಡ್ಡು ತರುವ ಹಸು ಸಾಲಿನ ಮುಂದೆ, ಎರಡು ವರ್ಷ ಬಿಟ್ಟು ದುಡ್ಡು ತರುವ ಕರು ಸಾಲಿನ ಹಿಂದೆ. ಲೆಕ್ಕ ನೋಡಿದರೆ ಬೇರೆಯೇ ಕಾಣುತ್ತದೆ. ಬೇಸಿಗೆಯಲ್ಲಿ ಕರೆಯುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 100 ಲೀಟರ್ ನೀರು ಬೇಕು. ಎಳೆಗರುವಿಗೆ ಬೇಕಾದ್ದು ಕಾಲು ಬಿಂದಿಗೆ. ಬರದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳಬಹುದಾದ ಜೀವ ಕೊಟ್ಟಿಗೆಯಲ್ಲಿ ಇದೊಂದೇ.

ಹುಟ್ಟುವ ಮೊದಲಿನ ಬರ

ಹಸುವಿನ ಗಬ್ಬ ಸುಮಾರು 280 ದಿನ. ಅದರಲ್ಲಿ ಕೊನೆಯ ಮೂರು ತಿಂಗಳಲ್ಲೇ ಕರು ತನ್ನ ಹುಟ್ಟುತೂಕದ ಮೂರನೇ ಎರಡು ಪಾಲು ಬೆಳೆಯುತ್ತದೆ. ಮಾರ್ಚ್‌ನಲ್ಲಿ ಹುಟ್ಟುವ ಕರುವಿಗೆ ಆ ಮೂರು ತಿಂಗಳು ಅಂದರೆ ಡಿಸೆಂಬರ್ ಕೊನೆಯಿಂದ ಆಚೆಗೆ. ರಾಗಿ ಕೈಕೊಟ್ಟ ವರ್ಷ ಹುಲ್ಲಿನ ಮೆದೆಯೂ ಚಿಕ್ಕದು, ಹೊಲದಲ್ಲಿ ಹಸಿರೂ ಇಲ್ಲ. ಆ ಹೊತ್ತಿನಲ್ಲಿ ತಾಯಿ ತನ್ನ ಮೈ ಕರಗಿಸಿ ಕರುವನ್ನು ಬೆಳೆಸುತ್ತದೆ. ಪಕ್ಕೆಲುಬು ಎಣಿಸುವಷ್ಟು ಬಡವಾದ ಹಸು ಹಾಕಿದ ಕರು ಏಳಲಿಕ್ಕೂ ಒದ್ದಾಡುತ್ತದೆ. ಏಳಲಾಗದ ಕರು ಹೊತ್ತಿಗೆ ಸರಿಯಾಗಿ ಕೆಚ್ಚಲಿಗೆ ಬಾಯಿ ಹಾಕುವುದಿಲ್ಲ. ಆಮೇಲೆ ಬರುವ ರೋಗಗಳಿಗೆಲ್ಲ ಆ ತಡವೇ ಬಾಗಿಲು.

ಇಲ್ಲಿ ರೈತರು ಮಾಡುವ ಒಂದು ತಪ್ಪಿದೆ. ತಪ್ಪು ಅನ್ನಲಿಕ್ಕೂ ಮನಸ್ಸಾಗುವುದಿಲ್ಲ, ಅನಿವಾರ್ಯ ಅನ್ನೋಣ. ಕರು ಹಾಕುವ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಡೇರಿಗೆ ಹಾಕುವ ಎರಡು ಲೀಟರೂ ಬೇಕಾಗಿರುವಾಗ ಕೊನೆಯ ತಿಂಗಳವರೆಗೂ ಕರೆಯುತ್ತಾರೆ. ಗಿಣ್ಣು ಕೆಚ್ಚಲಲ್ಲಿ ಕೂಡುವುದು ಕರು ಹಾಕುವ ಹಿಂದಿನ ಮೂರು ನಾಲ್ಕು ವಾರಗಳಲ್ಲಿ. ಆಗಲೂ ಕರೆಯುತ್ತಿದ್ದರೆ ಗಿಣ್ಣು ತೆಳುವಾಗುತ್ತದೆ. ಆ ಎರಡು ಲೀಟರಿನ ದುಡ್ಡನ್ನು ಕರು ಆಮೇಲೆ ಔಷಧಿ ಅಂಗಡಿಯಲ್ಲಿ ತೀರಿಸುತ್ತದೆ.

ಇನ್ನೊಂದು ಕೊರತೆ ಕಣ್ಣಿಗೆ ಕಾಣುವುದಿಲ್ಲ. ವಿಟಮಿನ್ ಎ ದನಕ್ಕೆ ಬರುವುದು ಹಸಿರು ಮೇವಿನಿಂದ. ಬಿಸಿಲಿಗೆ ಒಣಗಿ ಬಿಳಚಿದ ರಾಗಿ ಹುಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಸು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದು ಕೆಲವು ತಿಂಗಳು ಬರುತ್ತದೆ, ಬರ ಅದಕ್ಕಿಂತ ಉದ್ದವಾದರೆ ಮುಗಿಯುತ್ತದೆ. ಹಾಗೆ ಖಾಲಿಯಾದ ತಾಯಿಗೆ ಹುಟ್ಟಿದ ಕರು ನಿಶ್ಶಕ್ತವಾಗಿರುತ್ತದೆ, ಬೇಗ ಭೇದಿ ಹಿಡಿಯುತ್ತದೆ, ಕೊರತೆ ತೀವ್ರವಾಗಿದ್ದರೆ ಕುರುಡಾಗಿಯೇ ಹುಟ್ಟಬಹುದು. ಮನೆಯವರು ದೃಷ್ಟಿ ತಾಕಿತು ಅನ್ನುತ್ತಾರೆ. ನಿಜವಾಗಿ ತಾಕಿದ್ದು ಹಸಿರಿಲ್ಲದ ಆರು ತಿಂಗಳು.

ನಮ್ಮ ಸೀಮೆಯಲ್ಲಿ ಇದಕ್ಕೊಂದು ಮನೆಮದ್ದು ಕೈಗೆಟುಕುವಷ್ಟು ಹತ್ತಿರ ಇದೆ. ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಕಡ್ಡಿಯಲ್ಲಿ ಉಳಿದ ಎಲೆಯಲ್ಲಿ ಪ್ರೋಟೀನೂ ಇದೆ, ಹಸಿರೂ ಇದೆ. ಹುಳು ಸಾಕುವ ಮನೆಗಳಲ್ಲಿ ಇದನ್ನು ಮೊದಲಿಂದಲೂ ದನಕ್ಕೆ ಹಾಕುತ್ತಾರೆ. ಆದರೆ ಹಾಕುವುದು ಕರೆಯುವ ಹಸುವಿಗೆ. ಬರದಲ್ಲಿ ಇದರ ಮೊದಲ ಹಕ್ಕು ತುಂಬುಗಬ್ಬದ ಹಸುವಿನದು. ಒಂದೇ ಎಚ್ಚರಿಕೆ: ಹುಳುವಿನ ಹಾಸಿಗೆಗೆ ಸುಣ್ಣವೋ ಔಷಧಿ ಪುಡಿಯೋ ಚೆಲ್ಲಿದ ದಿನದ ಕಡ್ಡಿ ಬೇಡ. ರೇಷ್ಮೆ ಇಲ್ಲದವರಿಗೆ ಬೇಲಿಯ ಅಗಸೆ, ನುಗ್ಗೆ ಸೊಪ್ಪು ಇದೆ. ದಿನಕ್ಕೆ ಎರಡು ಮೂರು ಹಿಡಿ ಸಿಕ್ಕರೂ ಆಯಿತು. ಅದೂ ಇಲ್ಲದಿದ್ದರೆ ಪಶುವೈದ್ಯರನ್ನು ಕೇಳಿ ವಿಟಮಿನ್ ಎ ಕೊಡಿಸಬಹುದು.

ತುಂಬುಗಬ್ಬದ ಹಸುವನ್ನು ಬಿಸಿಲಿಗೆ ಕಟ್ಟುವುದೂ ಕರುವಿಗೇ ಹೊಡೆತ. ಕೊನೆಯ ತಿಂಗಳುಗಳಲ್ಲಿ ಬಿಸಿಲಲ್ಲಿ ಬೆಂದ ಹಸುವಿನ ಕರು ತೂಕದಲ್ಲೂ ಕಡಿಮೆ, ಗಿಣ್ಣಿನ ಸತ್ವ ಹೀರಿಕೊಳ್ಳುವುದರಲ್ಲೂ ಹಿಂದೆ. ಒಂದು ಹೊಂಗೆ ಮರದ ನೆರಳಿಗೆ ಇಷ್ಟು ಬೆಲೆ.

ಗಿಣ್ಣು ಯಾರಿಗೆ?

ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯಿಂದ ರೋಗ ತಡೆಯುವ ಪ್ರತಿಕಾಯಗಳನ್ನು ರಕ್ತದಲ್ಲಿ ತಂದಿರುತ್ತದೆ. ಕರು ತರುವುದಿಲ್ಲ. ಹಸುವಿನ ಸತ್ತೆಯ, ಅಂದರೆ ಕರು ಹಾಕಿದ ಮೇಲೆ ಬೀಳುವ ಮಾಸಿನ, ರಚನೆ ಅವನ್ನು ದಾಟಲು ಬಿಡುವುದಿಲ್ಲ. ಹಾಗಾಗಿ ಕರು ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಅದರ ಮೈಯಲ್ಲಿ ರಕ್ಷಣೆ ಅನ್ನುವುದು ಹೆಚ್ಚುಕಡಿಮೆ ಸೊನ್ನೆ. ಆ ರಕ್ಷಣೆ ಪೂರ್ತಿ ಗಿಣ್ಣಿನಲ್ಲಿ ಬರಬೇಕು. ಅದು ಒಳಗೆ ಹೋಗುವ ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಹೊಸದಾಗಿ ಹುಟ್ಟಿದ ಕರುವಿನ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತದೆ. ಮೊದಲ ಆರು ಗಂಟೆ ಚೆನ್ನಾಗಿ, ಆಮೇಲೆ ಕಡಿಮೆಯಾಗುತ್ತ ಹೋಗಿ, ಸುಮಾರು 24 ಗಂಟೆಗೆ ಬಾಗಿಲು ಮುಚ್ಚುತ್ತದೆ. ಎರಡನೇ ದಿನ ಕುಡಿಸಿದ ಗಿಣ್ಣು ಒಳ್ಳೆಯ ಆಹಾರ ಅಷ್ಟೆ, ಮೈಗೆ ಕವಚ ಆಗುವುದಿಲ್ಲ.

ಎಷ್ಟು ಕುಡಿಸಬೇಕು? ಕರುವಿನ ತೂಕದ ಹತ್ತನೇ ಒಂದು ಪಾಲು. 28 ಕೆಜಿ ಕರುವಿಗೆ 2.8 ಲೀಟರ್. ಅದರಲ್ಲಿ ಅರ್ಧವಾದರೂ ಮೊದಲ ಎರಡು ಗಂಟೆಯೊಳಗೆ, ಉಳಿದಿದ್ದು ಆರು ಗಂಟೆಯೊಳಗೆ. "ಕರು ಕುಡೀತಾ ಇದೆ" ಅಂದರೆ ಸಾಲದು. ಬಡಕಲು ತಾಯಿಯ ಕೆಚ್ಚಲಲ್ಲಿ ಎಷ್ಟಿತ್ತು, ಕರುವಿನ ಹೊಟ್ಟೆಗೆ ಎಷ್ಟು ಹೋಯಿತು ಯಾರಿಗೂ ಗೊತ್ತಾಗುವುದಿಲ್ಲ. ಬರದ ವರ್ಷ ಪಾತ್ರೆಗೆ ಕರೆದು, ಅಳೆದು, ಕುಡಿಸುವುದೇ ಮೇಲು.

ಹಳೆಯ ಎರಡು ನಂಬಿಕೆಗಳು ಇಲ್ಲಿ ಅಡ್ಡ ಬರುತ್ತವೆ. ಸತ್ತೆ ಬೀಳುವ ತನಕ ಗಿಣ್ಣು ಕರೆಯಬಾರದು ಎನ್ನುವುದು ಒಂದು. ಸತ್ತೆ ಬೀಳಲು ಆರೆಂಟು ಗಂಟೆ ಆಗಬಹುದು, ಅಷ್ಟರಲ್ಲಿ ಕರುವಿನ ಒಳ್ಳೆಯ ಹೊತ್ತು ಕಳೆದಿರುತ್ತದೆ. ನಿಜ ಇದಕ್ಕೆ ತಿರುಗುಮುರುಗು. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಹೊರಡುವ ಹಾರ್ಮೋನು ಗರ್ಭಕೋಶವನ್ನೂ ಹಿಂಡುತ್ತದೆ, ಸತ್ತೆ ಬೀಳಲು ಅದೇ ನೆರವು. ಇನ್ನೊಂದು, ನೆರೆಮನೆಗಳಿಗೆ ಗಿಣ್ಣು ಹಂಚುವ ರೂಢಿ. ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣು ಕಂಡರೆ ನನಗೂ ಬಾಯಲ್ಲಿ ನೀರೂರುತ್ತದೆ. ಆದರೆ ಒಂದು ವಿಷಯ ಗೊತ್ತಾದ ಮೇಲೆ ಮೊದಲ ಕರೆತದ ಗಿಣ್ಣು ತಿನ್ನುವಾಗ ಸ್ವಲ್ಪ ಅಳುಕಾಗುತ್ತದೆ. ಗಿಣ್ಣು ಕಾಯಿಸಿದಾಗ ಗಟ್ಟಿಯಾಗುವುದು ಅದರಲ್ಲಿ ಕಿಕ್ಕಿರಿದಿರುವ ಪ್ರೋಟೀನಿನಿಂದ, ಪ್ರತಿಕಾಯಗಳೂ ಅದರಲ್ಲಿ ಸೇರಿವೆ. ಡೇರಿಯಲ್ಲಿ ಹಾಲನ್ನು ಕಾಯಿಸಿ ಒಡೆಯುತ್ತದಾ ನೋಡಿ ಗಿಣ್ಣು ಬೆರೆತ ಹಾಲನ್ನು ವಾಪಸ್ ಕಳಿಸುವುದೂ ಇದೇ ಗುಣದಿಂದ. ಮೊದಲ ನಾಲ್ಕೈದು ದಿನದ ಹಾಲನ್ನು ಡೇರಿ ಹೇಗೂ ಮುಟ್ಟುವುದಿಲ್ಲ. ನೆಂಟರಿಗೆ ಮೂರನೇ ದಿನದ್ದು ಕೊಡಿ. ಸ್ವಲ್ಪ ಮೆತ್ತಗೆ ಆಗುತ್ತದೆ, ರುಚಿಗೇನೂ ಕೊರತೆಯಿಲ್ಲ.

ತಾಯಿಗೆ ಗಿಣ್ಣೇ ಇಳಿಯಲಿಲ್ಲ ಅಂದರೆ, ಅಥವಾ ತಾಯಿಯೇ ಉಳಿಯಲಿಲ್ಲ ಅಂದರೆ? ಅದೇ ದಿನ ಕರು ಹಾಕಿದ ಬೇರೆ ಹಸುವಿನದು ಕುಡಿಸಬಹುದು. ಹೆಚ್ಚು ಗಿಣ್ಣು ಕೊಡುವ ಹಸು ಊರಲ್ಲಿದ್ದರೆ ಒಂದೊಂದು ಲೀಟರಿನ ಬಾಟಲಿಯಲ್ಲಿ ತುಂಬಿ ಡೀಪ್ ಫ್ರೀಜರಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಊರಿನ ಐಸ್‌ಕ್ರೀಂ ಅಂಗಡಿಯ ಪೆಟ್ಟಿಗೆಯ ಒಂದು ಮೂಲೆ ಸಾಕು. ಕರಗಿಸುವಾಗ ಮಾತ್ರ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ಒಲೆಯ ಮೇಲಿಟ್ಟರೆ ಪ್ರತಿಕಾಯಗಳು ಬೆಂದು ಹೋಗುತ್ತವೆ, ಕರುವಿಗೆ ಉಳಿಯುವುದು ಬೆಲ್ಲವಿಲ್ಲದ ಗಿಣ್ಣು. ಹಾಲಿಗೆ ಮೊಟ್ಟೆ, ಹರಳೆಣ್ಣೆ ಬೆರೆಸಿ ಕುಡಿಸುವ ಬದಲಿ ಕ್ರಮವೂ ಇದೆ. ಅದು ಹೊಟ್ಟೆ ತುಂಬುತ್ತದೆ, ಮೊದಲ ಸಗಣಿಯನ್ನು ಸಲೀಸಾಗಿ ಇಳಿಸುತ್ತದೆ. ರೋಗ ತಡೆಯುವ ಕೆಲಸ ಅದರಿಂದ ಆಗದು.

ಹೊಕ್ಕುಳಿನ ವಿಷಯ ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಇಂಚು ಬಿಟ್ಟು ಶುಭ್ರವಾದ ದಾರದಿಂದ ಕಟ್ಟಿ, ಕೆಳಗೆ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಒಣಗುವವರೆಗೆ ದಿನಕ್ಕೆರಡು ಸಲ. ಬಿಟ್ಟರೆ ಅಲ್ಲಿಂದ ಒಳಹೋದ ಸೋಂಕು ಎರಡು ವಾರದಲ್ಲಿ ಮಂಡಿಯ ಊತವಾಗಿ ಹೊರಬರುತ್ತದೆ. ಆಗ ಯಾರೂ ಹೊಕ್ಕುಳನ್ನು ನೆನೆಸಿಕೊಳ್ಳುವುದಿಲ್ಲ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ

ದನಕ್ಕೆ ನಾಲ್ಕು ಹೊಟ್ಟೆ ಅಂತ ಶಾಲೆಯಲ್ಲಿ ಓದಿದ್ದೇವೆ. ದೊಡ್ಡ ದನದಲ್ಲಿ ಮೊದಲನೆಯದೇ ದೊಡ್ಡದು. ಹುಲ್ಲು ನೆನೆದು ಹುಳಿಯುವ ದೊಡ್ಡ ಗುಡಾಣ ಅದು. ಹುಟ್ಟಿದ ಕರುವಿನಲ್ಲಿ ಅದು ಸಣ್ಣ ಚೀಲ. ದೊಡ್ಡದಾಗಿರುವುದು ಹಾಲು ಜೀರ್ಣವಾಗುವ ನಾಲ್ಕನೆಯದು. ಕರು ಹಾಲು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ಒಂದು ಮಡಿಕೆ ಮುದುಡಿ ಕೊಳವೆಯ ಹಾಗಾಗಿ, ಹಾಲನ್ನು ಮೊದಲ ಹೊಟ್ಟೆಗೆ ಬೀಳಗೊಡದೆ ನೇರವಾಗಿ ನಾಲ್ಕನೆಯದಕ್ಕೆ ದಾಟಿಸುತ್ತದೆ. ಬಕೆಟ್ಟಿನಿಂದ ಕುಡಿದ ನೀರಿಗೆ ಈ ದಾರಿಯಿಲ್ಲ, ಅದರಲ್ಲಿ ಹೆಚ್ಚಿನದು ಮೊದಲ ಹೊಟ್ಟೆಗೇ ಹೋಗುತ್ತದೆ.

ಹಾಗೆ ಹೋಗಲೇಬೇಕು. ಎರಡನೇ ವಾರದಿಂದ ಕರು ಹುಲ್ಲಿನ ಎಳೆ, ಹಿಂಡಿಯ ಚೂರು ಬಾಯಿಗೆ ಹಾಕಿಕೊಳ್ಳುತ್ತದೆ. ಅದನ್ನು ಹುಳಿಸುವ ಸೂಕ್ಷ್ಮಜೀವಿಗಳು ಮೊದಲ ಹೊಟ್ಟೆಯಲ್ಲಿ ನೆಲೆಯೂರಲು ನೀರು ಬೇಕು. ದೋಸೆ ಹಿಟ್ಟು ನೀರಿಲ್ಲದೆ ಹುಳಿಯುತ್ತದಾ? ಕರು ಎಷ್ಟೇ ಹಾಲು ಕುಡಿದರೂ ಅದರ ನೀರು ಬೇರೆ ಬಾಗಿಲಿನಿಂದ ಹೋಗಿಬಿಡುತ್ತದೆ, ಮೊದಲ ಹೊಟ್ಟೆ ಒಣಗಿಯೇ ಇರುತ್ತದೆ. ಆ ಹೊಟ್ಟೆ ಬೆಳೆಯದಿದ್ದರೆ ಕರುವನ್ನು ಹಾಲು ಬಿಡಿಸಲಿಕ್ಕಾಗುವುದಿಲ್ಲ. ಬರದಲ್ಲಿ ಹಾಲು ಉಳಿಸಬೇಕು ಅನ್ನುವ ರೈತನಿಗೆ ನೀರು ಉಳಿಸುವುದು ಹೀಗೆ ತಿರುಗುಬಾಣ ಆಗುತ್ತದೆ.

ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಅಳೆದೇ ತೋರಿಸಿತು. ಹಾಲಿನ ಆಹಾರ ಮಾತ್ರ ಕೊಟ್ಟು ಬೇರೆ ನೀರು ಇಡದ ಕರುಗಳು ನೀರು ಇಟ್ಟ ಕರುಗಳಿಗಿಂತ ಕರುವಿನ ತಿಂಡಿಯನ್ನು 31 ಪ್ರತಿಶತ ಕಡಿಮೆ ತಿಂದವು, ಮೈತೂಕ 38 ಪ್ರತಿಶತ ಕಡಿಮೆ ಕಟ್ಟಿದವು. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಉಸಿರಿನಿಂದ, ಮೈಯಿಂದ ಆರಿಹೋಗುವ ನೀರಿನ ಲೆಕ್ಕ ಇನ್ನೂ ಬೇರೆ.

ಇದನ್ನೆಲ್ಲ ಚಿಕ್ಕಮ್ಮನಿಗೆ ದೋಸೆ ಹಿಟ್ಟಿನ ಲೆಕ್ಕದಲ್ಲೇ ಹೇಳಿದೆ. "ಹಂಗಂತೀಯಾ?" ಅಂದಳು. ಒಪ್ಪಿದ್ದು ಹಿಟ್ಟಿಗೋ ಅಮೆರಿಕಕ್ಕೋ ಗೊತ್ತಿಲ್ಲ. ಆ ವಯಸ್ಸಿನ ಕರುವಿಗೆ ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ಇಟ್ಟರೆ ಶುರುವಿಗೆ ಸಾಕು, ಬೆಳೆದಂತೆ ಹೆಚ್ಚಿಸಬೇಕು. ನಮ್ಮ ಕಡೆ ಊರೂರಿಗೆ ಶುದ್ಧ ನೀರಿನ ಘಟಕ ಇದೆ, ಆಗ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತಿತ್ತು. ಕರುವಿನ ನಾಲ್ಕು ಲೀಟರಿಗೆ ಒಂದು ರೂಪಾಯಿ ಬಿತ್ತು. ಇದು ದುಂದು ಅಲ್ಲ. ಸಾವಿರ ಅಡಿಗೂ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಈ ಎರಡು ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಆ ನೀರಿನ ಕೆಡುಕು ದೊಡ್ಡ ದನಕ್ಕಿಂತ ಹಲ್ಲು ಮೂಳೆ ಕಟ್ಟಿಕೊಳ್ಳುತ್ತಿರುವ ಕರುವಿಗೇ ಹೆಚ್ಚು.

ನೀರು ಕೊಡುವುದರಲ್ಲೂ ಒಂದು ಅಪಾಯ ಇದೆ. ಟ್ಯಾಂಕರ್ ಎರಡು ದಿನ ಬರಲಿಲ್ಲ, ಕರು ಬಾಯಾರಿ ಒಣಗಿದೆ, ಮೂರನೇ ದಿನ ಬಂದ ತಕ್ಷಣ ಪಾಪ ಅಂತ ಪೂರ್ತಿ ಬಕೆಟ್ಟು ಮುಂದಿಟ್ಟರೆ ಕರು ಒಂದೇ ಉಸಿರಿಗೆ ಗಟಗಟ ಎಳೆಯುತ್ತದೆ. ಅಷ್ಟು ನೀರು ಒಮ್ಮೆಲೇ ರಕ್ತ ಸೇರಿದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ. ಕೆಲವು ಗಂಟೆಗಳಲ್ಲಿ ಕರು ಕೆಂಪಗೆ ಉಚ್ಚೆ ಹೊಯ್ಯುತ್ತದೆ, ನಡುಗುತ್ತದೆ, ಕೆಲವು ಉಳಿಯುವುದಿಲ್ಲ. ಎರಡು ಮೂರು ತಿಂಗಳ, ಹಾಲು ಬಿಡಿಸುವ ಹೊತ್ತಿನ ಕರುಗಳಲ್ಲಿ ಇದು ಹೆಚ್ಚು. ಬಾಯಾರಿದ ಕರುವಿಗೆ ಅರ್ಧ ಅರ್ಧ ಲೀಟರಿನಂತೆ, ನಡುವೆ ಬಿಡುವು ಕೊಟ್ಟು ಕುಡಿಸಬೇಕು. ದಿನವೂ ಸ್ವಲ್ಪ ಸ್ವಲ್ಪ ಸಿಗುತ್ತಿದ್ದ ಕರುವಿಗೆ ಈ ಭಯವೇ ಇಲ್ಲ.

ತೊಳೆಯದ ಬಕೆಟ್ಟು

ಬರದ ವರ್ಷ ಕರುಗಳಿಗೆ ಭೇದಿ ಯಾಕೆ ಹೆಚ್ಚು? ಗಿಣ್ಣು ತೆಳು ಎನ್ನುವುದು ಒಂದು ಕಾರಣ. ಇನ್ನೊಂದು ತೀರಾ ಸರಳ: ಕೊಟ್ಟಿಗೆ ತೊಳೆಯುವುದಿಲ್ಲ. ಕುಡಿಯಲಿಕ್ಕೇ ನೀರಿಲ್ಲದ ಮನೆಯಲ್ಲಿ ಮೊದಲು ನಿಲ್ಲುವುದು ನೆಲ ತೊಳೆಯುವುದು, ಆಮೇಲೆ ಹಾಲಿನ ಬಕೆಟ್ಟು. ಕರುವಿನ ಬಕೆಟ್ಟಂತೂ ನಿನ್ನೆಯ ಹಾಲಿನ ಅಂಟು, ಅದರ ಮೇಲೆ ನೊಣ, ಅದರ ಮೇಲೆ ಇವತ್ತಿನ ಹಾಲು. ನೆಲವನ್ನು ನೀರಿಲ್ಲದೆ ಸಂಭಾಳಿಸಬಹುದು. ಸಗಣಿ ಬಾಚಿ, ಕರು ಮಲಗುವ ಜಾಗಕ್ಕೆ ಒಣ ರಾಗಿ ಹೊಟ್ಟೋ ಮರಳೋ ಹಾಕಿ, ಒದ್ದೆಯಾದದ್ದನ್ನು ದಿನವೂ ತೆಗೆದರೆ ಆಯಿತು. ಬಕೆಟ್ಟಿಗೆ ಒಂದು ಲೀಟರ್ ಬಿಸಿನೀರು ಬೇಕೇ ಬೇಕು. ತೊಳೆದು ಉರಿಬಿಸಿಲಿಗೆ ಬೋರಲು ಹಾಕಿದರೆ ಉಳಿದ ಕೆಲಸ ಬಿಸಿಲು ಮಾಡುತ್ತದೆ. ಬರದಲ್ಲಿ ಅದಕ್ಕೇನೂ ಬರವಿಲ್ಲವಲ್ಲ.

ಭೇದಿಯಿಂದ ಕರು ಸಾಯುವುದು ಬಹುಪಾಲು ನೀರು ಉಪ್ಪು ಕಳೆದುಕೊಂಡು. 30 ಕೆಜಿ ಕರು ತನ್ನ ತೂಕದ ನೂರಕ್ಕೆ ಎಂಟು ಪಾಲು ನೀರು ಕಳೆದುಕೊಂಡಿತು ಅಂದರೆ ಎರಡೂವರೆ ಲೀಟರಿನ ಹತ್ತಿರ ಹೋಯಿತು. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟು ನೋಡಿ. ಆರೋಗ್ಯದ ಕರುವಿನಲ್ಲಿ ಥಟ್ಟನೆ ಕೂರುತ್ತದೆ, ಒಣಗಿದ ಕರುವಿನಲ್ಲಿ ಗುಡಾರದ ಹಾಗೆ ನಿಂತೇ ಇರುತ್ತದೆ. ಕಣ್ಣುಗುಡ್ಡೆ ಗುಳಿಬಿದ್ದಿರುತ್ತದೆ. ಬಾಯಲ್ಲಿ ಬೆರಳಿಟ್ಟರೆ ಚೀಪುವುದಿಲ್ಲ, ಬಾಯಿ ತಣ್ಣಗಿದ್ದರೆ ಇನ್ನು ಮನೆಮದ್ದಿನ ಹೊತ್ತು ಮುಗಿಯಿತು, ರಕ್ತನಾಳಕ್ಕೇ ಡ್ರಿಪ್ ಹಾಕಿಸಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ಕರೆ ಉಚಿತ.

ಅಷ್ಟು ದೂರ ಹೋಗುವ ಮೊದಲೇ ಓಆರ್‌ಎಸ್ ಶುರು ಮಾಡಬೇಕು. ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೊಡುವ ಅದೇ ಪೊಟ್ಟಣ, ಒಂದು ಲೀಟರ್ ನೀರಿಗೆ ಒಂದು. ದಿನಕ್ಕೆ ಮೂರು ನಾಲ್ಕು ಲೀಟರ್, ಸಣ್ಣ ಸಣ್ಣ ಕಂತಿನಲ್ಲಿ. ಹಾಲು ನಿಲ್ಲಿಸಬಾರದು. "ಹಾಲು ಕುಡಿದ್ರೆ ಜಾಸ್ತಿ ಆಗುತ್ತೆ" ಅಂತ ಎರಡು ದಿನ ಉಪವಾಸ ಕೆಡವಿದ ಕರುಗಳು ಭೇದಿ ನಿಂತ ಮೇಲೆ ಹಸಿವಿನಿಂದ ಸಾಯುತ್ತವೆ. ಆದರೆ ಓಆರ್‌ಎಸ್ ಅನ್ನು ಹಾಲಿಗೇ ಬೆರೆಸಬೇಡಿ. ಹಾಲು ಕರುವಿನ ನಾಲ್ಕನೇ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ಆಮೇಲೆ ಜೀರ್ಣವಾಗಬೇಕು, ಆ ಪುಡಿಯಲ್ಲಿರುವ ಸಿಟ್ರೇಟ್ ಹೆಪ್ಪುಗಟ್ಟಲು ಬಿಡುವುದಿಲ್ಲ. ಎರಡು ಗಂಟೆ ಅಂತರ ಇರಲಿ. ಭೇದಿ ಅಂದ ಕೂಡಲೇ ಮೆಡಿಕಲ್ ಶಾಪಿನಿಂದ ಮನುಷ್ಯರ ಆಂಟಿಬಯೋಟಿಕ್ ಮಾತ್ರೆ ತಂದು ಪುಡಿಮಾಡಿ ಹಾಕುವುದು ನನಗಂತೂ ಸಿಟ್ಟು ತರಿಸುವ ಅಭ್ಯಾಸ. ಎಳೆಗರುಗಳ ಭೇದಿಗೆ ವೈರಸ್ಸು, ಪರೋಪಜೀವಿಗಳೂ ಕಾರಣ, ಅವುಗಳ ಮೇಲೆ ಆ ಮಾತ್ರೆ ನಡೆಯುವುದಿಲ್ಲ. ಮೂರು ವಾರ ದಾಟಿದ ಕರುವಿನ ಸಗಣಿಯಲ್ಲಿ ರಕ್ತ ಕಂಡರೆ ಅದು ಇನ್ನೊಂದೇ ಕಾಯಿಲೆ ಇರಬಹುದು, ಔಷಧಿಯೂ ಬೇರೆ.

ತಗಡಿನ ಚಾವಣಿಯ ಕೊಟ್ಟಿಗೆಗೆ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನ ಬಿಸಿಗಾಳಿ ಬರುವ ಕಡೆಗೆ ಒದ್ದೆ ಗೋಣಿಚೀಲ ತೂಗುಹಾಕಿದರೆ ಕರು ತೇಕುವುದು ನಿಲ್ಲುತ್ತದೆ. ನೆರಳಿನ ಮಾತು ಇಷ್ಟೇ. ಒಂದು ಗೇಣು ಹಗ್ಗದಲ್ಲಿ ಕಟ್ಟಿ ಬಿಸಿಲು ತಿರುಗಿದ ಮೇಲೂ ಮರೆಯುವುದು ಮಾತ್ರ ಬೇಡ. ದೊಡ್ಡ ದನ ಕೂಗಿ ಕರೆಯುತ್ತದೆ, ಎಳೆಗರು ಸುಮ್ಮನೆ ಮಲಗಿಬಿಡುತ್ತದೆ.

ಏನು ತಿನ್ನಿಸಬಾರದು

ಮೊದಲ ತಿಂಗಳು ತೂಕದ ಹತ್ತನೇ ಒಂದು ಪಾಲು ಹಾಲು, ಆಮೇಲೆ ಕಡಿಮೆ ಮಾಡುತ್ತ ಹೋಗುವುದು ನಮ್ಮಲ್ಲಿ ಹೇಳುತ್ತ ಬಂದ ಲೆಕ್ಕ. ಬಡಕಲಾಗಿ ಹುಟ್ಟಿದ ಕರುವಿಗೆ ಇದಕ್ಕಿಂತ ಹೆಚ್ಚು ಕೊಟ್ಟರೆ ಒಳ್ಳೆಯದೇ. "ಒಂದು ಮೊಲೆ ಕರುವಿಗೆ" ಎನ್ನುವ ಹಳೆಯ ರೂಢಿ ಒಳ್ಳೆಯ ವರ್ಷಕ್ಕೆ ಸರಿ. ಬರದಲ್ಲಿ ಹಸುವಿನ ಹಾಲೇ ಅರ್ಧಕ್ಕೆ ಇಳಿದಾಗ ಆ ಒಂದು ಮೊಲೆಯೂ ಅರ್ಧವಾಗುತ್ತದೆ. ಲೀಟರಿನಲ್ಲಿ ಅಳೆಯಿರಿ, ಮೊಲೆಯಲ್ಲಲ್ಲ. ಎರಡನೇ ವಾರದಿಂದ ಕರುವಿನ ತಿಂಡಿ ಎಂದು ಸಿಗುವ ಪ್ರೋಟೀನ್ ಹೆಚ್ಚಿರುವ ಫೀಡನ್ನು ಒಂದು ಹಿಡಿ ಬಾಯಿಗೆ ಸವರಿ ರುಚಿ ಹತ್ತಿಸಬೇಕು. ಪಕ್ಕದಲ್ಲೇ ನೀರು.

ಒಣಹುಲ್ಲಿಗೆ ಯೂರಿಯಾ ನೀರು ಸಿಂಪಡಿಸಿ ಮುಚ್ಚಿಟ್ಟು ಮೆತ್ತಗೆ ಮಾಡುವುದು ಬರಕ್ಕೆ ಒಳ್ಳೆಯ ಉಪಾಯ. ಆದರೆ ಅದು ದೊಡ್ಡ ದನಕ್ಕೆ. ಆರು ತಿಂಗಳ ಒಳಗಿನ ಕರುವಿನ ಮೊದಲ ಹೊಟ್ಟೆಗೆ ಯೂರಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳ ಬಲ ಇಲ್ಲ, ಅದಕ್ಕೆ ಅದು ವಿಷವೇ. ಆ ಹುಲ್ಲನ್ನು ಕರುವಿನ ಬಾಯಿಗೆ ಎಟುಕದ ಕಡೆ ಇಡಬೇಕು. ಮಳೆ ಇಲ್ಲದೆ ಮೊಣಕಾಲೆತ್ತರಕ್ಕೆ ನಿಂತುಹೋದ ಜೋಳ, ಕೊಯ್ದ ಕೂಳೆಯಲ್ಲಿ ಮೊದಲ ಮಳೆಗೆ ಚಿಗುರಿದ ಜೋಳ ಇನ್ನೂ ಮೋಸದ್ದು. ಅದರಲ್ಲಿ ಸೈನೈಡ್ ಕೂಡಿಕೊಂಡಿರುತ್ತದೆ. ಬರ ಮುಗಿಯಿತು, ಹಸಿರು ಬಂತು ಎಂದು ದನ ಬಿಟ್ಟವರ ಹೊಲದಲ್ಲೇ ದನ ಉರುಳುತ್ತವೆ.

ಕರು ಹಗ್ಗ ಚೀಪುವುದು, ಗೋಡೆ ನೆಕ್ಕುವುದು, ಮಣ್ಣು ತಿನ್ನುವುದು ತುಂಟತನ ಅಲ್ಲ. ಉಪ್ಪು, ರಂಜಕದಂಥ ಖನಿಜಗಳ ಕೊರತೆ ಇರಬಹುದು, ಹೊಟ್ಟೆಯಲ್ಲಿ ಹುಳು ಇರಬಹುದು, ಬರೀ ಬಾಯಾರಿಕೆಯೂ ಇರಬಹುದು. ಎಮ್ಮೆಗರುಗಳಲ್ಲಿ ದುಂಡುಹುಳು ತಾಯಿಯ ಹಾಲಿನಲ್ಲೇ ಬಂದು ಸೇರುತ್ತದೆ. ಹಾಗಾಗಿ ಅವಕ್ಕೆ ಮೊದಲ ಹುಳದ ಔಷಧಿ ಎರಡು ವಾರದೊಳಗೇ ಬೀಳಬೇಕು.

ಗಂಡುಗರುವಿನ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ನಾಡತಳಿ ಹಳ್ಳಿಕಾರ್ ಹೋರಿಗರು ಹುಟ್ಟಿದರೆ ಮನೆಯಲ್ಲಿ ಹಬ್ಬ, ಅದಕ್ಕೆ ಜಾತ್ರೆಯಲ್ಲಿ ಬೆಲೆ ಇದೆ. ಎಚ್‌ಎಫ್ ಎಂಬ ವಿದೇಶಿ ಹಾಲಿನ ತಳಿಯ ಗಂಡುಗರುವಿಗೆ ಉಳುಮೆಯೂ ಇಲ್ಲ, ಮಾರುಕಟ್ಟೆಯೂ ಇಲ್ಲ, 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾನೂನಿನ ಮೇಲಂತೂ ಕೊಳ್ಳುವವರೇ ಇಲ್ಲ. ಬರದಲ್ಲಿ ಅದನ್ನು ಯಾರೂ ಕೊಲ್ಲುವುದಿಲ್ಲ, ಗಿಣ್ಣು ಕಡಿಮೆ ಮಾಡುತ್ತಾರೆ, ನೀರು ಮರೆಯುತ್ತಾರೆ. ನಾನು ಇದನ್ನು ನೋಡಿದ್ದೇನೆ, ಬಯ್ಯುವ ಧೈರ್ಯ ಬಂದಿಲ್ಲ. ಹೆಣ್ಣುಗರು ಹುಟ್ಟುವ ಸಂಭವ ಹೆಚ್ಚಿಸುವ, ಕೃತಕ ಗರ್ಭಧಾರಣೆಗೆ ಬಳಸುವ, ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತಿದೆ. ಈ ಹಿಂಸೆಗೆ ಸದ್ಯಕ್ಕೆ ಕಾಣುವ ಒಂದು ದಾರಿ ಅದು.

ಗೋಡೆಯ ಮೇಲಿನ ಲೆಕ್ಕ

ಬರ ಕಳೆದ ಮೇಲೂ ಕರುವಿನ ಮೈಯಲ್ಲಿ ಉಳಿಯುತ್ತದೆ. ಕಡಸು, ಅಂದರೆ ಇನ್ನೂ ಕರು ಹಾಕದ ಎಳೆ ಹಸು, ಬೆದೆಗೆ ಬರುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಮಿಶ್ರತಳಿಯ ಕಡಸಿಗೆ ಸುಮಾರು 250 ಕೆಜಿ ಆದ ಮೇಲೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುತ್ತಾರೆ. 28 ಕೆಜಿಗೆ ಹುಟ್ಟಿದ ಕರು ದಿನಕ್ಕೆ 500 ಗ್ರಾಂ ಬೆಳೆದರೆ ಹದಿನೈದನೇ ತಿಂಗಳಿಗೆ ಅಲ್ಲಿ ತಲುಪುತ್ತದೆ. ದಿನಕ್ಕೆ 300 ಗ್ರಾಂ ಆದರೆ ಎರಡು ವರ್ಷ ದಾಟುತ್ತದೆ. ಒಂಬತ್ತು ತಿಂಗಳಿಗೂ ಮೀರಿ ಹಾಲಿಲ್ಲದೆ ಮೇವು ಹಾಕಿದ ಲೆಕ್ಕ.

ತೂಕಕ್ಕೆ ತಕ್ಕಡಿ ಬೇಕಿಲ್ಲ, ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಭುಜದ ತುದಿಯಿಂದ ಬಾಲದ ಬುಡದ ಮೂಳೆಯವರೆಗೆ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿ ಸಿಗುತ್ತದೆ. ಜೂನ್ ಮಧ್ಯದಲ್ಲಿ ಮತ್ತೆ ಹೋದಾಗ ಆ ಹೆಣ್ಣುಗರುವನ್ನು ಅಳೆದೆವು. ಸುತ್ತಳತೆ 36, ಉದ್ದ 33. ಮೂರು ತಿಂಗಳಿಗೆ 65 ಕೆಜಿ, ಹುಟ್ಟುತೂಕ ಅದೇ 28 ಅಂತ ಇಟ್ಟುಕೊಂಡರೆ ದಿನಕ್ಕೆ 400 ಗ್ರಾಂ. ಬರದ ಕರುವಿಗೆ ಕಡಿಮೆಯೇನಲ್ಲ. ಚಿಕ್ಕಮ್ಮ ಕೊಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 65 ಅಂತ ಬರೆದಳು. ಅದರ ಪಕ್ಕದಲ್ಲೇ ಟ್ಯಾಂಕರಿನವನಿಗೆ ಕೊಡಬೇಕಾದ ಬಾಕಿಯೂ ಬರೆದಿತ್ತು. ನಾನು ಅದನ್ನು ಓದುತ್ತಿರುವುದನ್ನು ನೋಡಿ, "ಎರಡ್ರಲ್ಲಿ ಯಾವ್ದು ಬೇಗ ಬೆಳೀತಾ ಇದೆ ಅಂತ ಕೇಳ್ಬೇಡ" ಅಂದು ಬಕೆಟ್ಟು ಎತ್ತಿಕೊಂಡು ಕರುವಿನ ಕಡೆ ಹೋದಳು.